ನರ್ಸಮ್ಮನ ಹಳದಿ ಮದ್ದು, ಹನ್ನೆರಡನೆಯ ಕೋಳಿ

೧೯೮೬ ಮೇ ೧೪, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ. ನಿನ್ನೆ ಪಾಣೆಮಂಗಳೂರಿನ ಔಷಧದಂಗಡಿಯಲ್ಲಿ ಮೀನೆಣ್ಣೆಯ ಬಾಟ್ಲಿಯೊಂದು ಬಿದ್ದು ಒಡೆಯಿತು. ಉಳಿದವರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತೆ. ಎಂಟು ವರ್ಷಗಳ ಹಿಂದೆ ಪುಂಜಾಲಕಟ್ಟೆಯ ನಮ್ಮ ಜಗಲಿಯಲ್ಲೂ ಇದೇ ವಾಸನೆ ಹರಡಿತ್ತು...

ಆಗ ನನಗೆ ಹನ್ನೆರಡು, ತಂಗಿಗೆ ಏಳು. ಸಂಜೆ ನಮ್ಮ ಹನ್ನೆರಡು ಕೋಳಿಗಳನ್ನು ಎಣಿಸಿ ಗೂಡಿಗೆ ಸೇರಿಸುವುದು ಅವಳ ಕೆಲಸ. ದಡಾರ ಬಂದು ಹೋದ ಮೇಲೆ ಅವಳು ಸಂಜೆಯಾದರೆ ಹೊಸ್ತಿಲು ಎಡವುತ್ತಿದ್ದಳು. ಕಾಲ ಬುಡದಲ್ಲಿದ್ದ ಕೋಳಿಯೂ ಕಾಣುತ್ತಿರಲಿಲ್ಲ. ಎಡವಿದ್ದನ್ನೆಲ್ಲ ನಾನು ದಿನಚರಿಯಲ್ಲಿ ಗೀಟು ಹಾಕಿ ಇಡುತ್ತಿದ್ದೆ. ಹತ್ತು ದಿನಕ್ಕೆ ಹದಿನೇಳು ಗೀಟು. ಇವಳ ಕಣ್ಣು ಪೂರ್ತಿ ಹೋಗುತ್ತದೆಂಬ ಹೆದರಿಕೆಯನ್ನು ಮಾತ್ರ ಎಲ್ಲೂ ಬರೆಯಲಿಲ್ಲ.

ನಮ್ಮ ಕಡೆಯ ಮನೆಗಳಿಗೆ ಸರಕಾರಿ ನರ್ಸಮ್ಮ ಕೊಡೆ ಹಿಡಿದು ನಡೆದೇ ಬರುತ್ತಿದ್ದರು. ಮೊದಲು ಅಡಿಗೆಮನೆ ನೋಡುವುದು, ಆಮೇಲೆ ರೋಗಿಯನ್ನು ನೋಡುವುದು ಅವರ ಕ್ರಮ. ಆ ದಿನ ಅಜ್ಜಿ ಬೀಡಿ ಕಟ್ಟುತ್ತಾ ಕೂತಲ್ಲಿಂದಲೇ ಗೊಣಗಿದರು.

"ಕಣ್ಣಿಗೆ ಒಳ್ಳೇದು ಅಂತ ಸೊಪ್ಪು, ಪಪ್ಪಾಯಿ ಎಲ್ಲ ಕೊಡ್ತೇನೆ ಮಾರಾಯ್ತಿ. ಇನ್ನೆಂತ ಕೊಡುದು?"

ನರ್ಸಮ್ಮ ನನ್ನ ದಿನಚರಿ ಕೇಳಿ ತೆಗೆದುಕೊಂಡರು. ತಂಗಿ ತಿಂದದ್ದೆಲ್ಲ ಅದರಲ್ಲಿತ್ತು. ಬೆರಳಿಟ್ಟು ಪುಟ ಪುಟ ಓದಿದರು.

"ನುಗ್ಗೆಸೊಪ್ಪು ಹದಿನಾರು ದಿನ ಉಂಟು. ಎಣ್ಣೆ ಎಲ್ಲುಂಟು ಅಜ್ಜಿ? ತೆಂಗಿನಕಾಯಿ ಎಲ್ಲುಂಟು?"

"ದಡಾರದ ಪಥ್ಯ ಅಲ್ವಾ? ಎಣ್ಣೆ ಮುಟ್ಟಿಸಿದರೆ ನಂಜಾಗ್ತದೆ."

"ದಡಾರ ಹೋಗಿ ಮೂರು ತಿಂಗಳಾಯ್ತು. ನಿಮ್ಮ ಪಥ್ಯ ಇನ್ನೂ ಹೋಗಿಲ್ಲ!"

ತಂಗಿ ಕಿಸಕ್ಕನೆ ನಕ್ಕಳು. ನರ್ಸಮ್ಮ ಬೆರಳು ಮಡಚುತ್ತಾ ಹೇಳಿದ್ದನ್ನು ಅಂದೇ ಬರೆದಿಟ್ಟಿದ್ದೇನೆ. ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂಥವು; ಊಟದಲ್ಲಿ ಚೂರಾದರೂ ಎಣ್ಣೆಯೋ ಕಾಯಿಯೋ ಇಲ್ಲದಿದ್ದರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಎ ಕಣ್ಣಿಗೆ ಬೇಕು, ಡಿ ಮೂಳೆಗೆ. ಕೆ ಇಲ್ಲದಿದ್ದರೆ ಗಾಯದ ರಕ್ತ ಹೆಪ್ಪುಗಟ್ಟುವುದಿಲ್ಲ. ಇ ಮೈಯ ಜೀವಕಣಗಳನ್ನು ಕಾಯುತ್ತದೆ.

ಮೀನೆಣ್ಣೆಯ ವಾಸನೆಯ ಹಳದಿ ಮದ್ದನ್ನು ಅಂದು ಒಂದು ಚಮಚ ಕುಡಿಸಿದರು, ಮರುದಿನ ಬಂದು ಇನ್ನೊಂದು. ಅಜ್ಜಿಗೆ ಆಸೆಯಾಯಿತು. "ಬಾಟ್ಲಿ ಇಲ್ಲೇ ಬಿಡಿ. ದಿನಾ ಕೊಡುವ."

"ಬೇಡ ಅಜ್ಜಿ. ಇದು ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವ ಜಾತಿಯದ್ದಲ್ಲ, ಮೈಯಲ್ಲೇ ಕೂತು ವಿಷ ಆಗ್ತದೆ. ಮುಂದಿನದ್ದು ಯಾವಾಗ ಅಂತ ನಾನೇ ಹೇಳ್ತೇನೆ. ನೀವು ಸೊಪ್ಪಿಗೆ ಕಾಯಿ ಹಾಕಿ, ಸಾಕು."

ನಾಲ್ಕನೆಯ ದಿನದ ಸಂಜೆ. ಕೋಳಿ ಎಣಿಸಿದವಳು ನಾನು. ಹನ್ನೊಂದೇ ಇದ್ದವು. "ಒಂದನ್ನು ಕೀರಿ ಕೊಂಡುಹೋಗಿರಬೇಕು," ಎಂದು ಅಜ್ಜಿ ಬೈಯಲು ಶುರುಮಾಡಿದರು. ಬೆಳಕು ಬಹುಮಟ್ಟಿಗೆ ಆರಿತ್ತು. ಜಗಲಿಯ ಮೇಲೆ ನಿಂತಿದ್ದ ತಂಗಿ ಕೂಗಿದಳು:

"ಅಕ್ಕಾ, ಹನ್ನೆರಡನೆಯದು ಅಲ್ಲುಂಟು! ಹಲಸಿನ ಕೊಂಬೆಯಲ್ಲಿ. ನಿನಗೆ ಕಣ್ಣು ಕಾಣುದಿಲ್ವಾ?"

ನಿಜಕ್ಕೂ ನನಗೆ ಕಂಡಿರಲಿಲ್ಲ. ಅಜ್ಜಿ ಬೀಡಿ ಎಲೆಯ ತಡ್ಪೆಮೊರ ಕೆಳಗಿಟ್ಟು, ಒಳಗೆ ಹೋಗಿ, ಸೊಪ್ಪಿಗೆ ಎರಡು ಚಮಚ ತೆಂಗಿನೆಣ್ಣೆಯ ಒಗ್ಗರಣೆ ಹಾಕಿದರು. ಆ ಚುರ್ ಸದ್ದಿಗೆ ನಾವಿಬ್ಬರೂ ಅಂಗಳದಲ್ಲಿ ಕುಣಿದೆವು. ಆ ದಿನದ ಪುಟದಲ್ಲಿ ಎಡವಿದ ಗೀಟು ಒಂದೂ ಇಲ್ಲ. ಮುಂದಿನ ಪುಟಗಳಲ್ಲೂ ಇಲ್ಲ.

ಮರುವರ್ಷ ನರ್ಸಮ್ಮನಿಗೆ ಬೆಳ್ತಂಗಡಿ ಕಡೆಗೆ ವರ್ಗವಾಯಿತು. ಹೋಗುವ ದಿನ ನಾನು ಶಾಲೆಯಲ್ಲಿದ್ದೆ... ಎರಡು ಸಲ ಹುಡುಕಿಕೊಂಡು ಹೋದೆ, ಸಿಗಲಿಲ್ಲ. ತಂಗಿ ಈಗ ಮೂಡುಬಿದಿರೆಯ ಹೊಲಿಗೆ ಅಂಗಡಿಯಲ್ಲಿ ಮುಸ್ಸಂಜೆಯ ಬೆಳಕಿನಲ್ಲೇ ಸೂಜಿಗೆ ನೂಲು ಪೋಣಿಸುತ್ತಾಳೆ. ಅದನ್ನು ನೋಡಬೇಕಾಗಿದ್ದವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಸೊಪ್ಪಿನ ಲೆಕ್ಕ, ಕೋಳಿಯ ಲೆಕ್ಕ ಎಲ್ಲ ಇರುವ ನನ್ನ ದಿನಚರಿಯಲ್ಲಿ ಅವರ ಹೆಸರೇ ಇಲ್ಲ. ಎಲ್ಲರೂ ನರ್ಸಮ್ಮ ಎಂದರು, ನಾನೂ ಹಾಗೇ ಬರೆದೆ.

ನಿಮ್ಮ ಮನೆಯಲ್ಲೂ ಮೊದಲು ಅಡಿಗೆಮನೆಗೆ ಇಣುಕಿ ಆಮೇಲೆ ರೋಗಿಯ ಹತ್ತಿರ ಹೋದ ನರ್ಸಮ್ಮನೊಬ್ಬರು ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಕೋಳಿ ಹನ್ನೆರಡೂ ಇದ್ದವು ಎಂದು ಅವರಿಗೆ ತಿಳಿಸಬೇಕಾಗಿದೆ.