ಒಡೆಯರಿಲ್ಲದ ನಕ್ಷೆಗಳು

ನೀರು ಸರಬರಾಜು ಕಚೇರಿಯಲ್ಲಿ ಆಕೆ ಎಲ್ಲರಿಗೂ ನಕ್ಷೆ ಅಕ್ಕ. ನೆಲದಡಿಯ ಪೈಪುಗಳ ನಕ್ಷೆ ಬರೆಯುವುದು ಅವರ ಕೆಲಸ, ಹತ್ತೊಂಬತ್ತು ವರ್ಷದಿಂದ. ಕಂಪ್ಯೂಟರಿನಲ್ಲಿ ಅವರ ಹೆಸರು ನಮ್ಮ ಲಿಪಿಯಲ್ಲೇ ಇದೆ. "ಅಪ್ಪ ಇಟ್ಟ ಹೆಸರನ್ನ ಯಂತ್ರಕ್ಕೋಸ್ಕರ ಯಾಕೆ ಬದಲಾಯಿಸ್ಲಿ?" ಎನ್ನುತ್ತಾರೆ. ಈ ಹಟ ಅವರಿಗೆ ಅಂಟಿದ್ದು ಕೆಲಸ ಕಲಿಸಿದ ಮೇಷ್ಟ್ರಿಂದ; ಅವರ ಹೆಸರೂ ನಮ್ಮ ಲಿಪಿಯಲ್ಲೇ. ಮಿಕ್ಕ ನಾವೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಶರಣಾದವರು.

ಪೈಪ್ ಒಡೆದರೆ ರಸ್ತೆ ಅಗೆಯುವವರು ನಕ್ಷೆಯ ಕಡತ ಯಾರ ಹೆಸರಲ್ಲಿದೆ ಎಂದು ನೋಡಿ ಅವರಿಗೇ ಫೋನ್ ಮಾಡುತ್ತಾರೆ. ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾದರೂ ಅವರಿಗೆ ದಿನಕ್ಕೊಂದಾದರೂ ಕರೆ ಹೋಗುತ್ತಿತ್ತು.

ಹೊಸ ಸರ್ವರ್ ಕೂರಿಸಿ, ಹಳೆಯದರಿಂದ ನಕ್ಷೆಗಳನ್ನೆಲ್ಲ ಅದಕ್ಕೆ ಸಾಗಿಸಿದವನು ನಾನು. ಎರಡು ವಾರ ಕಳೆದು, ರಜೆ ಮುಗಿಸಿ ಬಂದ ಅಕ್ಕ ಕುರ್ಚಿಯಿಂದ ಚಂಗನೆ ಎದ್ದರು.

"ಏನೋ ಇದು? ನನ್ನ ನಕ್ಷೆಗಳೆಲ್ಲ ಯಾವನೋ ಅನಾಮಧೇಯನ ಹೆಸರಲ್ಲಿವೆ! ನಾನೇನು ಸತ್ತುಹೋದ್ನಾ?"

ನಾನು ಸರ್ವರಿನ ದಾಖಲೆ ತೆರೆದು ನೋಡಿದೆ. ಕಡತದ ಜೊತೆ ಬರುವ ಹೆಸರನ್ನು ಸರ್ವರ್ ತನ್ನ ಪಟ್ಟಿಯ ನಂಬರಿಗೆ ಜೋಡಿಸಬೇಕು. ನಮ್ಮ ಲಿಪಿಯ ಹೆಸರನ್ನು ಗುರುತಿಸುವಂತೆ ನಾನು ಅದನ್ನು ಸಿದ್ಧಮಾಡಿರಲೇ ಇಲ್ಲ. ಗುರುತು ಸಿಗದ್ದನ್ನೆಲ್ಲ ಅದು ಒಂದೇ ಅನಾಮಧೇಯ ಖಾತೆಗೆ ದೂಡಿತ್ತು. ಪರೀಕ್ಷೆ ಮಾಡಿದ್ದೆ, ಆದರೆ ನನ್ನ ಹೆಸರಿನಿಂದ ಮಾತ್ರ. ಬುದ್ಧಿವಂತ ನಾನು!

ಅವರ ಹೆಸರನ್ನು ಪಟ್ಟಿಗೆ ಸೇರಿಸಿ, ಅನಾಮಧೇಯನದ್ದೆಲ್ಲ ಅಕ್ಕನದು ಎಂದು ಒಂದೇ ಸಾಲಿನ ಆಜ್ಞೆ ಕೊಟ್ಟೆ. ಚಿಟಿಕೆ ಹೊಡೆಯುವಷ್ಟರಲ್ಲಿ ಎರಡು ಸಾವಿರ ನಕ್ಷೆಗಳು ಅವರ ಹೆಸರಿಗೆ ಬಂದವು. ನಾನು ಕಾಲರ್ ಸರಿಮಾಡಿಕೊಂಡೆ.

ಅಕ್ಕ ಒಂದೊಂದಾಗಿ ತೆರೆದು ನೋಡುತ್ತಾ ಬಿಳಿಚಿಕೊಂಡರು.

"ಇಷ್ಟೊಂದು ನಾನು ಬರೆದಿಲ್ಲ ಕಣೋ. ವಾಲ್ವಿನ ಗುರುತಿನೊಳಗೆ ಚುಕ್ಕೆ ಇಡೋದು ಮೇಷ್ಟ್ರೊಬ್ರೇ. ಅವರ ಮೂವತ್ತು ವರ್ಷನ ನನ್ನ ಹೆಸರಿಗೆ ಬರೆದುಬಿಟ್ಯಲ್ಲೋ!"

ಮೇಷ್ಟ್ರ ನೆನಪೇ ನನಗಾಗಿರಲಿಲ್ಲ. ಹಳೆಯ ಸರ್ವರನ್ನು ಆಗಲೇ ಅಳಿಸಿ ಗುಜರಿಗೆ ಕಳಿಸಿದ್ದೆ. ಯಾವುದು ಯಾರದೆಂದು ಹೇಳಬಲ್ಲವರು ಇಡೀ ಕಚೇರಿಯಲ್ಲಿ ಅಕ್ಕ ಒಬ್ಬರೇ.

ಮೂರು ದಿನ ಅವರು ಚುಕ್ಕೆ ಹುಡುಕಿ ಹೇಳಿದರು, ನಾನು ಹೆಸರು ತಿದ್ದಿದೆ. ಕೊನೆಯ ನಕ್ಷೆಯೂ ಮೇಷ್ಟ್ರ ಹೆಸರಿಗೆ ಮರಳಿದ ಮೇಲೆ ಅಕ್ಕ ಅವರಿಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಸರ್, ಹೇಗಿದ್ದೀರಿ?"

"ಅಬ್ಬಾ, ಬಂತಲ್ಲ ಒಂದು ಕರೆ!" ಎಂದರು ಮೇಷ್ಟ್ರು. "ಎರಡು ವಾರದಿಂದ ಯಾರೂ ಏನೂ ಕೇಳಿಲ್ಲ. ಫೋನ್ ಕೆಟ್ಟಿರಬೇಕು ಅಂತ ಎರಡು ಸಲ ಅಂಗಡಿಗೆ ಒಯ್ದೆ ಕಣಮ್ಮ. ಎಲ್ಲಾ ಸರಿಯಾಗಿದೆ ಅಂದ ಅಂಗಡಿಯವನು."