ಉದ್ದ ಜಿಗಿತದ ಬೆಳಿಗ್ಗೆ

ತಂಗಿಯನ್ನು ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಮುಟ್ಟಿಸಲಿಲ್ಲ. ನಾನು ಮಾಡಬೇಕಾಗಿದ್ದದ್ದು ಅದೊಂದೇ. ಓಡುವುದು, ಎಸೆಯುವುದು, ಜಿಗಿಯುವುದು ಎಲ್ಲ ಅವಳ ಪಾಲಿನದು.

ನಾನು ಎಂಟನೆಯಲ್ಲಿ ಶಾಲೆ ಬಿಟ್ಟವನು. ಅರಬ್ ನಾಡಿನ ಸೀಬ್ ಪಟ್ಟಣದಲ್ಲಿ ಲಾಂಡ್ರಿಯ ವ್ಯಾನ್ ಓಡಿಸುತ್ತೇನೆ. ನನ್ನ ಜೊತೆಗಿರುವ ತಂಗಿ ಅಲ್ ಅಜೈಬಾದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಸಂಜೆ ಒಬ್ಬರು ರಷ್ಯನ್ ಮೇಡಂ ಹತ್ತಿರ ಹೆಪ್ಟಾಥ್ಲಾನ್ ಅಭ್ಯಾಸ. ಎರಡು ದಿನ, ಏಳು ಸ್ಪರ್ಧೆ, ಎಲ್ಲದರ ಅಂಕ ಕೂಡಿಸಿ ಗೆದ್ದವರು ಯಾರೆಂದು ಹೇಳುತ್ತಾರೆ. ಮೇಡಂ ತಮ್ಮ ದೇಶಕ್ಕಾಗಿ ಇದೇ ಆಟ ಆಡಿದವರು.

ಹೋದ ವರ್ಷದ ಕೂಟದಲ್ಲಿ ಮೊದಲ ದಿನ ಮುಗಿದಾಗ ತಂಗಿ ಎರಡನೇ ಸ್ಥಾನದಲ್ಲಿದ್ದಳು. ಮರುದಿನ ಬೆಳಿಗ್ಗೆ ಮೊದಲು ಉದ್ದ ಜಿಗಿತ. ವ್ಯಾನ್ ಹೆದ್ದಾರಿಗೆ ಏರಿದ ಮೇಲೆ ಅಂಗಡಿಯಿಂದ ಫೋನ್ ಬಂತು. ಅಲ್ ಹೈಲ್‌ನ ಮದುವೆ ಮನೆಗೆ ವ್ಯಾನಿನಲ್ಲಿರುವ ಇಸ್ತ್ರಿಯಾದ ಬಟ್ಟೆ ಈಗಲೇ ಬೇಕಂತೆ.

"ಅಣ್ಣ, ಮೊದಲು ನನ್ನನ್ನು ಬಿಡು."

"ಐದು ನಿಮಿಷ ಮಾರಾಯ್ತಿ. ಜಿಗಿತ ನಿಂಗೆ ಹೇಗೂ ಅಷ್ಟಕ್ಕಷ್ಟೆ. ಅದೊಂದು ಹೋದ್ರೆ ಎಂಥ, ಉಳಿದದ್ದು ಉಂಟಲ್ಲ?"

ಬಾಗಿಲಲ್ಲೇ ಕೊಟ್ಟು ತಿರುಗಬಹುದಿತ್ತು. ಮನೆಯ ಯಜಮಾನರು ಕೈ ಹಿಡಿದು ಒಳಗೆ ಕರೆದರು. ಇಷ್ಟು ವರ್ಷದಲ್ಲಿ ಬಟ್ಟೆ ತಂದವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕೂತೆ. ಹಲ್ವ ಬಂತು, ಅರಬರ ಕಾಫಿ ಕಾವಾ ಬಂತು, ಮತ್ತೊಮ್ಮೆ ಕಾವಾ ಬಂತು. ಹೊರಗೆ ಅವಳು ಸ್ಪೈಕ್ ಶೂ ಹಾಕಿಕೊಂಡೇ ವ್ಯಾನಿನಲ್ಲಿ ಕೂತಿದ್ದಳು. ಬಂದು, "ಯಜಮಾನ ಸಿಗ್ಲಿಲ್ಲ, ಹುಡುಕ್ಬೇಕಾಯ್ತು" ಅಂದೆ.

ನಾವು ಮುಟ್ಟಿದಾಗ ಜಿಗಿತ ಮುಗಿದು ಮರಳನ್ನು ಸಮ ಮಾಡುತ್ತಿದ್ದರು. ತಂಗಿ ಈಟಿ ಎಸೆಯುವ ಕಡೆಗೆ ಓಡಿದಳು. ಅಧಿಕಾರಿ ತಲೆಯಾಡಿಸಿದ. ಒಂದು ಸ್ಪರ್ಧೆಗೆ ಇಳಿಯದಿದ್ದರೆ ಉಳಿದದ್ದಕ್ಕೂ ಇಳಿಯುವ ಹಾಗಿಲ್ಲ, ಅದೇ ನಿಯಮ. ನಾನು ಹಿಂದಿಯಲ್ಲಿ ಕೂಗಾಡಿದೆ. ಅವಳು ಶೂ ಬಿಚ್ಚಿದಳು.

ಮೇಡಂ ನನ್ನನ್ನು ಬೈಯಲಿಲ್ಲ. ಒಂದು ವಾರ ಬಿಟ್ಟು ಅರೆಬರೆ ಹಿಂದಿಯಲ್ಲಿ, ಕೈಸನ್ನೆಯಲ್ಲಿ ತಮ್ಮ ಕತೆ ಹೇಳಿದರು. ಹಿಮ ಬಿದ್ದಾಗ ಶಾಲೆಯೊಳಗಿನ ಕಾರಿಡಾರಿನಲ್ಲೇ ಹರ್ಡಲ್ಸ್ ದಾಟಲು ಕಲಿತವರು. ಮುಂದೆ ದೇಶದ ತಂಡ ಸೇರಿದರು. ಒಂದು ಕೂಟದ ಮೊದಲ ಸಂಜೆ ಓಟದಲ್ಲಿ ತೊಡೆಯ ಸ್ನಾಯು ಹರಿಯಿತು. ಮರುದಿನ ಬೆಳಿಗ್ಗೆ ಉದ್ದ ಜಿಗಿತಕ್ಕೆ ಕುಂಟುತ್ತಾ ಬಂದು ಓಟದ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆದು ಮರಳಿಗೆ ಕಾಲಿಟ್ಟರು. ಸೊನ್ನೆ. ಆದರೆ ಆಟದಲ್ಲಿ ಉಳಿದರು. ಈಟಿ ಎಸೆದರು, ಕೊನೆಯ ಓಟವನ್ನು ಎಲ್ಲರಿಗಿಂತ ಹಿಂದೆ ಮುಗಿಸಿದರು. ಆಮೇಲೆ ತಂಡದವರು ಕರೆಯಲಿಲ್ಲ.

"ಸೊನ್ನೆ ಬಂದರೆ ಪರವಾಗಿಲ್ಲ," ಅಂದರು. "ಬರದಿದ್ದರೆ ಖಲಾಸ್."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತರೂ ಕಾಲು ಕುಣಿಯುತ್ತದೆ. ಹಲ್ವದ ವಾಸನೆ ಬಂದರೆ ಎದ್ದು ಹೋಗುತ್ತೇನೆ. ತಂಗಿಯೋ, ಪಾಪ, ಯಜಮಾನ ಸಿಗದ್ದಕ್ಕೆ ಅಣ್ಣ ಏನು ಮಾಡಿಯಾನು ಎಂದು ಊರಿಗೆ ಫೋನಿನಲ್ಲಿ ನನ್ನ ಪರವಾಗಿ ಮಾತಾಡುತ್ತಿದ್ದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಈ ವರ್ಷದ ಕೂಟದ ಎರಡನೇ ದಿನ ಗೇಟು ತೆರೆಯುವ ಮೊದಲೇ ಅವಳನ್ನು ಕರೆತಂದೆ. ಫೋನ್ ಆಫ್ ಮಾಡಿದ್ದೆ.

"ಇಷ್ಟು ಬೇಗ ಬಂದು ಎಂಥ ಮಾಡುದು? ಮರಳು ಗುಡಿಸ್ಲಿಕ್ಕಾ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಸ್ಟೇರಿಂಗ್ ಬಿಟ್ಟು ಅವಳ ಕಡೆ ತಿರುಗಿದೆ.

"ಅವತ್ತು ಯಜಮಾನ ಸಿಕ್ಕಿದ್ದ. ನಾನು ಒಳಗೆ ಕೂತು ಹಲ್ವ ತಿಂತಿದ್ದೆ. ನೀನು ಕಾಯ್ತಾ ಇದ್ದಿ ಅಂತ ಗೊತ್ತಿತ್ತು. ನಿನ್ನ ಆಟ ಹಾಳು ಮಾಡಿದ್ದು ನಾನೇ. ತಪ್ಪಾಯ್ತು ತಂಗಿ, ಕ್ಷಮಿಸು."