ಕ್ಲೆಮ್‌ನ ಬಿಲ್ಲಿ ತೊಳೆದ ದಿನ

ಡಾರ್ಲಿಂಗ್ ನದಿಯ ಆ ತಿರುವಿನಲ್ಲಿ ಕ್ಲೆಮ್ ಹ್ಯಾಲೊರನ್ ಮೊದಲ ಸಲ ಟೆಂಟು ಹೊಡೆದಾಗ ಅಲ್ಲಿ ನದಿಯೇ ಇರಲಿಲ್ಲವಂತೆ. ಅವನ ಚಹಾದ ವಾಸನೆ ಹಿಡಿದು ಆಮೇಲೆ ಬಂತಂತೆ. ಇದನ್ನು ಹೇಳಿದವನೂ ಅವನೇ. ಕುರಿಯ ಉಣ್ಣೆ ಕತ್ತರಿಸುವ ಕಸುಬು. ಹಂಗಾಮು ಮುಗಿದೊಡನೆ ಹೆಂಡತಿ ಡಾಟ್ ಜೊತೆ ಬಂದು, ಹೇಳದೆ ಕೇಳದೆ ಕೊಂಬೆ ಉದುರಿಸುವ, ನೀಲಗಿರಿ ಜಾತಿಯ ಗಮ್ ಮರಗಳಿಂದ ದೂರ ಸರಿದು ಬಿಡಾರ ಹೂಡುತ್ತಿದ್ದ. ಪಕ್ಕದ ಟೆಂಟು ನನ್ನದು.

ಅವನ ಜೀವವೆಲ್ಲ ಇದ್ದದ್ದು ಚಹಾ ಕುದಿಸುವ ತಗಡಿನ ಡಬ್ಬದಲ್ಲಿ. ನಮ್ಮ ಬಾಯಲ್ಲಿ ಅದು ಬಿಲ್ಲಿ. ಬಿಲ್ಲಿಯ ಒಳಗನ್ನು ಯಾರೂ ತೊಳೆಯುವುದಿಲ್ಲ. ಕ್ಲೆಮ್‌ನದರಲ್ಲಿ ಚಹಾದ ಕರೆ ಎಷ್ಟು ದಪ್ಪಗಟ್ಟಿತ್ತೆಂದರೆ, ಬಕೆಟ್ಟಿನಷ್ಟು ದೊಡ್ಡ ಡಬ್ಬ ಈಗ ಎರಡೇ ಲೋಟ ಹಿಡಿಯುತ್ತಿತ್ತು. ಚಹಾ ಸೊಪ್ಪು ತಳ ಸೇರಲೆಂದು ಅವನು ತೋಳು ಬೀಸಿ ಅದನ್ನು ಗಿರಗಿರನೆ ತಿರುಗಿಸತೊಡಗಿದರೆ ಕಾಂಗರೂಗಳು ಸಾಲಾಗಿ ಬಂದು ಕೂರುತ್ತಿದ್ದವು.

ಆ ವರ್ಷ ಡಾಟ್‌ಳ ತಂಗಿ ಬೆರಿಲ್ ಪಟ್ಟಣದಿಂದ ಬಂದಳು. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವಳು ನದಿ ದಡದಲ್ಲಿ ಕೂತು ಮರಳು ಹಾಕಿ ಬಿಲ್ಲಿಯನ್ನು ತಿಕ್ಕಿ ಮುಗಿಸಿದ್ದಳು. ಅದರ ಹೊಳಪು ಕಂಡ ಕಾಕಟೂ ಗಿಳಿಗಳು ಇನ್ನೊಬ್ಬ ಸೂರ್ಯ ಹುಟ್ಟಿದನೆಂದು ಮತ್ತೊಂದು ಸುತ್ತು ಕಿರುಚಿದವು.

"ನೋಡಿ ಭಾವ, ಹೆಂಗೆ ಫಳಫಳ ಅಂತಿದೆ!"

"ಅಯ್ಯೋ ಮಹಾತಾಯಿ! ಮದುವೆ ಆದಾಗಿಂದ ಕೂಡಿಟ್ಟಿದ್ದೆ ಕಣೇ ಅದನ್ನ!"

"ಏನನ್ನ, ಕೊಳೆನಾ?"

"ರುಚಿನ ಕಣೇ, ರುಚಿನ!"

ಹೊಳೆಯುವ ಬಿಲ್ಲಿಯಲ್ಲಿ ಚಹಾ ಕುದಿಸಿ ಒಂದು ಗುಟುಕು ಕುಡಿದವನೇ ಥೂ ಎಂದು ಉಗಿದ. "ಡಾಟ್, ಟೆಂಟ್ ಬಿಚ್ಚು. ಇನ್ಮೇಲೆ ಈ ನದಿ ಕಡೆ ತಲೆ ಹಾಕಿ ಮಲಗಲ್ಲ."

"ಬೇಕಾದ್ರೆ ನೀನೇ ಬಿಚ್ಕೋ. ಆ ದರಿದ್ರ ಡಬ್ಬನ ಮನೆಯೊಳಗೆ ಬಿಟ್ಕೊಳ್ಳಲ್ಲ ಅಂದಿದ್ದಕ್ಕೆ ತಾನೇ ವರ್ಷಾ ವರ್ಷಾ ಇಲ್ಲಿಗೆ ಬರೋದು!"

ಕ್ಲೆಮ್ ಒಂದು ಗೂಟ ಕಿತ್ತ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ, ಬೆರಿಲ್ ಬಿಲ್ಲಿ ತೊಳೆದ ಜಾಗದ ಕೆಳಗಿನ ಮಡುವಿನಲ್ಲಿ ದಬದಬ ಸದ್ದು. ಎಮ್ಮೆಗಳ ಹಾಗೆ ಕೆಸರಲ್ಲಿ ಬಿದ್ದಿರುತ್ತಿದ್ದ ಮೀನುಗಳು ಕಣ್ಣರಳಿಸಿಕೊಂಡು ಎಗರಾಡುತ್ತಿದ್ದವು. ಮುದಿ ಮೀನೊಂದು ಆಚೆ ದಡದ ಎಮು ಹಕ್ಕಿಯ ಜೊತೆ ಓಟಕ್ಕೆ ಬಿದ್ದಿತ್ತು, ಗೆಲ್ಲುತ್ತಲೂ ಇತ್ತು.

ನಾನು ಹೋಗಿ ಒಂದು ಲೋಟ ನೀರು ಮೊಗೆದು ಕುಡಿದೆ.

"ಕ್ಲೆಮ್, ಬಾರೋ ಇಲ್ಲಿ! ಸಕ್ಕರೆ ಒಂದು ಕಮ್ಮಿ ಇದೆ, ಅಷ್ಟೇ."

ಅವನು ಬಿಲ್ಲಿ ಮುಳುಗಿಸಿ ನೀರು ತುಂಬಿದ, ಕುದಿಸಿದ, ತಿರುಗಿಸಿದ. ಲೋಟದ ತಳ ಕಾಣುವವರೆಗೂ ಕುಡಿದ. ಆಮೇಲೆ ಎದ್ದು ಹೋಗಿ, ಕಿತ್ತ ಗೂಟವನ್ನು ಮತ್ತೆ ಹೊಡೆದ.

ಅಂದಿನಿಂದ ಕ್ಲೆಮ್ ಚಹಾ ಸೊಪ್ಪು ಕೊಂಡಿಲ್ಲ. ಡಾರ್ಲಿಂಗ್ ನೀರು ಯಾಕೆ ಹೀಗೆ ಕಂದು ಎಂದು ಹೊರಗಿನವರು ಕೇಳಿದರೆ ಮಣ್ಣು ಎಂದುಬಿಡುತ್ತೇವೆ. ನಿಜ ಹೇಳಿದರೆ ಎಲ್ಲರೂ ಲೋಟ ಹಿಡಿದುಕೊಂಡು ಬಂದಾರು.